ಕಸ ಎಸೆದವರಿಗೆ ಹೇಳಬೇಕೇ, ಬೇಡವೇ?

(ಮೈಸೂರಿನಲ್ಲಿ ಶರಣ ಬಂಧುಗಳ ತಿಂಗಳ ಗೋಷ್ಠಿಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಷಟ್‌ಸ್ಥಲ, ಅಷ್ಟಾವರಣ, ಇಷ್ಟಲಿಂಗ ಪೂಜೆ ಇಂಥ ವಿಷಯಗಳ ಮೇಲೆ ವಿದ್ವಾಂಸರು ಮಾತನಾಡುತ್ತಾರೆ. ನಾನು ವಿದ್ವಾಂಸನಲ್ಲ. ಸರ್ಕಾರಿ ಕೆಲಸದಲ್ಲಿ ರಸ್ತೆ, ಚರಂಡಿ, ಮೋರಿ ನೋಡಿಕೊಂಡು ನಿವೃತ್ತನಾದ ಇಂಜಿನಿಯರ್. ಆದ್ದರಿಂದ ನನಗೆ ಬೀದಿಯ ವಿಷಯವನ್ನೇ ಕೊಟ್ಟಿದ್ದಾರೆ. ಗುರುತು ಪರಿಚಯವಿಲ್ಲದ ಒಬ್ಬರು ನಮ್ಮ ಕಣ್ಣೆದುರೇ ರಸ್ತೆಗೆ ಕಸ ಎಸೆಯುತ್ತಾರೆ. ಆಗ ನಾವು ಅವರಿಗೆ ಹೇಳಬೇಕೇ, ಬೇಡವೇ? ಹೇಳುವುದಾದರೆ ಹೇಗೆ?

ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಇದನ್ನು ಹಿಡಿದುಕೊಂಡು ಹೋದರೆ ನಮ್ಮ ಧರ್ಮದ ಮೂಲಕ್ಕೇ ಹೋಗಿ ಮುಟ್ಟುತ್ತೇವೆ ಎಂದು ನನ್ನ ನಂಬಿಕೆ.

ಹೇಳಬೇಡ ಎನ್ನುವವರು ಮೂರು ಕಾರಣ ಕೊಡುತ್ತಾರೆ. ಮೊದಲನೆಯದು, ನಮಗ್ಯಾಕೆ ಊರ ಉಸಾಬರಿ ಎಂಬುದು. ಎರಡನೆಯದು, ಅದಕ್ಕೆ ಪಾಲಿಕೆ ಇದೆ, ತೆರಿಗೆ ಕಟ್ಟುತ್ತೇವೆ, ಅವರು ನೋಡಿಕೊಳ್ಳಲಿ ಎಂಬುದು. ಮೂರನೆಯದು ನಮ್ಮವರೇ ಹೇಳುವುದು. ಲೋಕವನ್ನು ತಿದ್ದಲು ಹೊರಟವರಿಗೆ ಮೊದಲು ನಿಮ್ಮ ತನು ಮನಗಳನ್ನು ಸಂತೈಸಿಕೊಳ್ಳಿ ಎಂದು ಬಸವಣ್ಣನವರೇ ಹೇಳಿದ್ದಾರಲ್ಲ, ಮತ್ತೆ ನಾವು ಯಾಕೆ ಕಂಡವರನ್ನು ತಿದ್ದಬೇಕು ಎಂಬುದು.

ಮೊದಲು ಎರಡನೆಯ ಕಾರಣವನ್ನೇ ನೋಡೋಣ, ಯಾಕೆಂದರೆ ಅದರಲ್ಲಿ ಲೆಕ್ಕ ಇದೆ. ನಮ್ಮ ಮೈಸೂರು 2015ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 476 ನಗರಗಳ ಸ್ವಚ್ಛತೆಯ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. 2016ರಲ್ಲಿ 73 ನಗರಗಳ ಸ್ವಚ್ಛ ಸರ್ವೇಕ್ಷಣೆಯಲ್ಲೂ ನಾವೇ ಮೊದಲು. 2017ರಲ್ಲಿ ಐದನೆಯ ಸ್ಥಾನಕ್ಕೆ ಇಳಿದೆವು, ಇಂದೋರ್ ಮೇಲೆ ಹೋಯಿತು. ಆಮೇಲೆ ಏರಿಳಿತ ನಡೆದೇ ಇದೆ. ಫಲಿತಾಂಶ ಬಂದಾಗಲೆಲ್ಲ ನಾವು 'ನಮ್ಮ ಮೈಸೂರು' ಎಂದು ಹೆಮ್ಮೆ ಪಡುತ್ತೇವೆ, ಅಥವಾ 'ಪಾಲಿಕೆಯವರು ಏನು ಮಾಡುತ್ತಿದ್ದಾರೆ' ಎಂದು ಬೈಯುತ್ತೇವೆ. ಗೆದ್ದರೆ ನಮ್ಮದು, ಸೋತರೆ ಅವರದು. ಆದರೆ ಬೆಳಗಿನ ಜಾವ ಎದ್ದು ದೇವರಾಜ ಮಾರುಕಟ್ಟೆಯ ಸುತ್ತ, ಸಯ್ಯಾಜಿರಾವ್ ರಸ್ತೆಯಲ್ಲಿ ನಡೆದು ನೋಡಿ. ಆ ಸ್ಥಾನವನ್ನು ಗಳಿಸಿಕೊಟ್ಟವರು ಯಾರು ಎಂಬುದು ಕಾಣುತ್ತದೆ. ಪೊರಕೆ ಹಿಡಿದ ಪೌರಕಾರ್ಮಿಕರು ಬೆನ್ನು ಬಗ್ಗಿಸಿ ನಿಂತಿರುತ್ತಾರೆ. ಪಾಲಿಕೆ ಎಂದರೆ ಕಟ್ಟಡವಲ್ಲ, ಕಮಿಷನರ್ ಸಾಹೇಬರೂ ಅಲ್ಲ. ಕಸದ ವಿಷಯದಲ್ಲಿ ಪಾಲಿಕೆ ಎಂದರೆ ಆ ಬಾಗಿದ ಬೆನ್ನು. 'ಪಾಲಿಕೆ ನೋಡಿಕೊಳ್ಳಲಿ' ಎಂದರೆ 'ಆಕೆ ಬಗ್ಗಲಿ' ಎಂದೇ ಅರ್ಥ.

ಇಲ್ಲಿ ಇಂಜಿನಿಯರ್ ಆಗಿ ಒಂದು ಮಾತು ಹೇಳಬೇಕು. ರಸ್ತೆಗೆ ಬಿದ್ದ ಕಸ ರಸ್ತೆಯಲ್ಲೇ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಕವರು ಮಳೆ ಬಂದಾಗ ಚರಂಡಿಯ ಜಾಲರಿಗೆ ಬಂದು ಅಂಟಿಕೊಳ್ಳುತ್ತದೆ. ಅದರ ಹಿಂದೆ ಎಲೆ, ಕಡ್ಡಿ, ಮರಳು ಕೂಡುತ್ತವೆ. ನೀರು ನಿಲ್ಲುತ್ತದೆ, ಸೊಳ್ಳೆಯಾಗುತ್ತದೆ. ಕೊನೆಗೆ ಒಬ್ಬ ಮನುಷ್ಯ ಆ ಜಾಲರಿ ಎತ್ತಿ, ಕೈ ಹಾಕಿ ಅದನ್ನು ತೆಗೆಯಬೇಕು. ಹಾಗೆ ಸಿಕ್ಕಿಕೊಳ್ಳದೆ ಹರಿದುಹೋದದ್ದು ಎಲ್ಲಿಗೆ ಹೋಗುತ್ತದೆ? ಮೈಸೂರಿನ ಉತ್ತರದ ಇಳಿಜಾರಿನ ನೀರು ಕಾವೇರಿಯ ಕಡೆಗೆ, ದಕ್ಷಿಣದ್ದು ದಳವಾಯಿ ಕೆರೆಯ ಮೇಲೆ ಹಾದು ಕಪಿಲೆಯ ಕಡೆಗೆ. ಆ ಎರಡು ನದಿಗಳೂ ತಿರುಮಕೂಡಲು ನರಸೀಪುರದಲ್ಲಿ ಸೇರುತ್ತವೆ. ನಮ್ಮೂರಿನ ಯಾವ ಬೀದಿಯಲ್ಲಿ ಎಸೆದರೂ ಹೋಗಿ ಸೇರುವ ಜಾಗ ಒಂದೇ. ಎಸೆದವನಿಗೆ ಅದು ಒಂದು ಕ್ಷಣದ ಕೆಲಸ. ಅದರ ಬೆಲೆ ಕಟ್ಟುವವರು ಬೇರೆ, ಕಟ್ಟುವ ಕಾಲ ಬೇರೆ, ಜಾಗವೂ ಬೇರೆ. ನಮಗ್ಯಾಕೆ ಎಂಬ ಮೊದಲ ಪ್ರಶ್ನೆಗೂ ಇದೇ ಉತ್ತರ.

ಈಗ ಇನ್ನೊಂದು ಪ್ರಶ್ನೆ. ಕಸ ಎಸೆಯುವವನಿಗೆ ತಿಳಿವಳಿಕೆ ಇಲ್ಲವೇ? ಇದೆ. ಅವನ ಮನೆಗೆ ಹೋಗಿ ನೋಡಿ, ನೆಲ ಕನ್ನಡಿಯಂತಿರುತ್ತದೆ. ಕಾರಿನೊಳಗೆ ಚಪ್ಪಲಿಯ ಧೂಳೂ ಬೀಳದಂತೆ ಮ್ಯಾಟ್ ಹಾಕಿರುತ್ತಾನೆ. ಕಾರು ಕೊಳೆಯಾಗಬಾರದೆಂದೇ ಗಾಜು ಇಳಿಸಿ ತಟ್ಟೆಯನ್ನು ಹೊರಗೆ ಎಸೆಯುತ್ತಾನೆ. ಅವನಿಗೆ ಸ್ವಚ್ಛತೆ ಚೆನ್ನಾಗಿಯೇ ಗೊತ್ತು. ಒಳಗೆ ನನ್ನದು, ಅದು ಶುದ್ಧವಾಗಿರಬೇಕು. ಹೊರಗೆ ಯಾರದೋ, ಅದನ್ನು ಬಳಿಯುವುದಕ್ಕೆ ಬೇರೆ ಜನ ಇದ್ದಾರೆ. ಈ ಭಾವನೆ ಎಲ್ಲಿಂದ ಬಂತು?

ನಮ್ಮ ಊರಿನ ಹಳೆಯ ನಕ್ಷೆಯಲ್ಲೇ ಅದಕ್ಕೆ ಉತ್ತರವಿದೆ. 1890ರ ದಶಕದ ಕೊನೆಯಲ್ಲಿ ಪ್ಲೇಗು ಬಂದು ಮೈಸೂರು ನಲುಗಿತು. ಅದರ ನಂತರ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಅಗಲವಾದ ರಸ್ತೆಗಳ ಬಡಾವಣೆಗಳನ್ನು ಮಾಡಿದರು. ವೃತ್ತಿಯವನಾಗಿ ನಾನು ಆ ಕೆಲಸವನ್ನು ಮೆಚ್ಚುತ್ತೇನೆ. ಈಗಲೂ ಚಾಮರಾಜಪುರಂ, ಲಕ್ಷ್ಮೀಪುರಂ, ಕೃಷ್ಣಮೂರ್ತಿಪುರಂ ಕಡೆ ಓಡಾಡಿದರೆ ಮನೆಗಳ ಹಿಂಭಾಗದಲ್ಲಿ ಕಿರಿದಾದ ಗಲ್ಲಿಗಳು ಕಾಣುತ್ತವೆ. ಅದಕ್ಕೆ ಕನ್ಸರ್ವೆನ್ಸಿ ಎನ್ನುತ್ತೇವೆ. ಅದು ಯಾತಕ್ಕಾಗಿ ಇತ್ತು ಎಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ಹಿಂದೆ ಪಾಯಿಖಾನೆ ಬಳಿಯುವವರು ಮನೆಯ ಮುಂದಿನಿಂದ ಬರಬಾರದು, ಕಣ್ಣಿಗೆ ಬೀಳಬಾರದು. ಹಿಂದಿನಿಂದಲೇ ಬಂದು, ತಲೆಯ ಮೇಲೆ ಹೊತ್ತುಕೊಂಡು ಹಿಂದಿನಿಂದಲೇ ಹೋಗಬೇಕು. ರಸ್ತೆಯ ಅಗಲವನ್ನು ಅಳೆದ ಹಾಗೆಯೇ ಜಾತಿಯನ್ನೂ ಅಳೆದು ನಕ್ಷೆಯಲ್ಲಿ ಹಾಕಿದ್ದರು.

1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟರು. ಆ ಕೆಲಸಕ್ಕೆ ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಒಳಚರಂಡಿ ಬಂತು, ಪದ್ಧತಿ ಹೋಯಿತು. ಆದರೆ ಕನ್ಸರ್ವೆನ್ಸಿ ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಇವತ್ತು ಆ ಗಲ್ಲಿಗಳಲ್ಲಿ ಏನು ಬಿದ್ದಿದೆ ನೋಡಿ. ಹಳೆಯ ಹಾಸಿಗೆ, ಕಟ್ಟಡದ ಅವಶೇಷ, ಗಂಟು ಹಾಕಿದ ಕವರುಗಳು. ಮುಂದಿನ ಬಾಗಿಲಲ್ಲಿ ರಂಗೋಲಿ, ಹಿಂದಿನ ಬಾಗಿಲಲ್ಲಿ ಇದು. ಕಸ ಎಸೆಯುವವನಿಗೆ ಇಡೀ ಊರೇ ಒಂದು ಕನ್ಸರ್ವೆನ್ಸಿಯಂತೆ ಕಾಣುತ್ತದೆ.

ಶರಣ ಬಂಧುಗಳೇ, ನಮ್ಮ ಧರ್ಮ ಪಂಚಸೂತಕಗಳನ್ನು ನಿರಾಕರಿಸಿದ ಧರ್ಮ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ, ಈ ಐದೂ ಸೂತಕ ನಮಗಿಲ್ಲ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳುತ್ತೇವೆ. ಹಾಗಾದರೆ ಉಂಡ ಎಲೆಯನ್ನು, ಕುಡಿದ ಲೋಟವನ್ನು ಎರಡು ನಿಮಿಷ ಕೈಯಲ್ಲಿ ಹಿಡಿದುಕೊಳ್ಳಲು ನಮಗೆ ಯಾಕೆ ಆಗುವುದಿಲ್ಲ? ಅದು ಎಂಜಲು ಎಂಬ ಭಾವನೆ. ಅದನ್ನು ಮುಟ್ಟುವ ಜನ ಬೇರೆ ಎಂಬ ಭಾವನೆ. ಉಚ್ಛಿಷ್ಟ ಸೂತಕ ಮತ್ತು ಜಾತಿ ಸೂತಕ ಎರಡೂ ಆ ಒಂದು ಕಾಗದದ ಲೋಟದಲ್ಲಿ ಇವೆ. ಕಸ ಎಸೆಯುವುದು ಬರೀ ನಾಗರಿಕ ಪ್ರಜ್ಞೆಯ ಕೊರತೆ ಎಂದು ಪತ್ರಿಕೆಗಳು ಬರೆಯುತ್ತವೆ. ಅದು ಸೂತಕದ ಆಚರಣೆ ಎಂದು ನಾನು ಹೇಳುತ್ತೇನೆ. ಹಾಗಿದ್ದಮೇಲೆ ಅದರ ಬಗ್ಗೆ ಬಾಯಿ ಮುಚ್ಚಿಕೊಂಡಿರಲು ಲಿಂಗಾಯತನಿಗೆ ಅಧಿಕಾರವಿಲ್ಲ.

ಈಗ ಮೂರನೆಯ ಕಾರಣಕ್ಕೆ ಬರೋಣ. ಬಸವಣ್ಣನವರು ಲೋಕವನ್ನು ತಿದ್ದಬೇಡಿ ಎಂದರೇ? ಹಾಗೆ ಹೇಳಿದ್ದರೆ ಅವರು ಅನುಭವ ಮಂಟಪ ಕಟ್ಟುತ್ತಿದ್ದರೇ? ಕಲ್ಯಾಣದಲ್ಲಿ ಅಷ್ಟು ಜನರ ವಿರೋಧ ಕಟ್ಟಿಕೊಳ್ಳುತ್ತಿದ್ದರೇ? ತನ್ನನ್ನು ನೋಡಿಕೊಳ್ಳದೆ ಪರರನ್ನು ತಿದ್ದಲು ಹೊರಡುವ ಬೂಟಾಟಿಕೆಯನ್ನು ಅವರು ಬೇಡವೆಂದರು. ಆ ವಚನ ಮೌನಕ್ಕೆ ಪರವಾನಗಿ ಅಲ್ಲ. ಮಾತನಾಡುವ ಮೊದಲು ಪೂರೈಸಬೇಕಾದ ಷರತ್ತು.

ನಮ್ಮಲ್ಲಿ ಪಂಚಾಚಾರಗಳಿವೆ. ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಇವುಗಳಲ್ಲಿ ಕೊನೆಯ ಎರಡನ್ನು ನೋಡಿ. ಅನ್ಯಾಯವನ್ನು ಕಂಡು ಸುಮ್ಮನಿರಬೇಡ ಎನ್ನುವುದು ಗಣಾಚಾರ. ಎಲ್ಲರಿಗಿಂತ ಕಿರಿಯನಾಗಿ, ಸೇವಕನಾಗಿ ನಡೆದುಕೋ ಎನ್ನುವುದು ಭೃತ್ಯಾಚಾರ. ಮೇಲ್ನೋಟಕ್ಕೆ ಒಂದಕ್ಕೊಂದು ವಿರೋಧ. ಆದರೆ ಇಂದಿನ ಪ್ರಶ್ನೆಗೆ ಉತ್ತರ ಇವೆರಡರ ಜೋಡಿಯಲ್ಲೇ ಇದೆ. ಹೇಳಬೇಕೇ ಎಂದರೆ ಗಣಾಚಾರ ಹೌದು ಎನ್ನುತ್ತದೆ. ಹೇಗೆ ಹೇಳಬೇಕು ಎಂದರೆ ಭೃತ್ಯಾಚಾರ ಕಲಿಸುತ್ತದೆ. ಗಣಾಚಾರ ಒಂದೇ ಇದ್ದರೆ ಜಗಳಗಂಟರಾಗುತ್ತೇವೆ. ಭೃತ್ಯಾಚಾರ ಒಂದೇ ಇದ್ದರೆ ಹೇಡಿಗಳಾಗುತ್ತೇವೆ.

ನನ್ನ ಅನುಭವದ ಎರಡು ಮಾತು ಹೇಳುತ್ತೇನೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ವಾರಕ್ಕೆ ಒಂದೆರಡು ಸಲ ಹತ್ತುತ್ತೇನೆ. ಒಂದು ದಿನ ಕಾಲೇಜು ಹುಡುಗನೊಬ್ಬ ನೀರಿನ ಬಾಟಲಿಯನ್ನು ಪೊದೆಗೆ ಎಸೆದ. 'ಅಪ್ಪಾ, ನಿನ್ನ ಬಾಟಲಿ ಬಿದ್ದುಹೋಯಿತು ನೋಡು' ಎಂದೆ. ಎಸೆದೆ ಎನ್ನಲಿಲ್ಲ, ಬಿದ್ದುಹೋಯಿತು ಎಂದೆ. ಅವನು ನನ್ನ ಮುಖ ನೋಡಿದ, ನಾಚಿಕೊಂಡ, ಇಳಿದು ಹೋಗಿ ಎತ್ತಿಕೊಂಡ. ಜೊತೆಯಲ್ಲಿದ್ದ ಹುಡುಗರು ನಕ್ಕರು, ಅವನೂ ನಕ್ಕ. ಅವನ ಮಾನ ಉಳಿಯಿತು, ಬೆಟ್ಟದ ಮಾನವೂ ಉಳಿಯಿತು.

ಇನ್ನೊಂದು ಸಲ ಹುಣಸೂರು ರಸ್ತೆಯ ಸಿಗ್ನಲ್ಲಿನಲ್ಲಿ ದೊಡ್ಡ ಕಾರಿನಿಂದ ಜೋಳದ ದಿಂಡು, ಕಾಗದ ಹೊರಗೆ ಬಿತ್ತು. ಹತ್ತಿರ ಹೋಗಿ ಕೈಮುಗಿದು ಹೇಳಿದೆ. 'ನೀವ್ಯಾರ್ರೀ ಕೇಳೋಕೆ, ಕಾರ್ಪೊರೇಷನ್ನವರಾ?' ಎಂದರು. 'ಅಲ್ಲ ಸ್ವಾಮಿ, ಈ ಊರಿನವನು' ಎಂದು ಹೇಳಿ, ಬಿದ್ದದ್ದನ್ನು ನಾನೇ ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಗಾಜು ಮೇಲೆ ಹೋಯಿತು, ಕಾರೂ ಹೋಯಿತು. ಆ ಮನುಷ್ಯ ಬದಲಾದನೋ ಇಲ್ಲವೋ ನಾನು ಹೇಳಲಾರೆ. ಹಿಂದಿನ ಸೀಟಿನಲ್ಲಿದ್ದ ಮಗು ಮಾತ್ರ ತಿರುಗಿ ನೋಡುತ್ತಿತ್ತು.

ಎತ್ತಿಕೊಳ್ಳುವುದೂ ಒಂದು ಭಾಷೆಯೇ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1990ರ ಸುಮಾರಿನಲ್ಲಿ ಈ ವಿಷಯದ ಮೇಲೆ ಪ್ರಯೋಗಗಳನ್ನು ಮಾಡಿದ್ದಾರೆ. ನಿಲ್ಲಿಸಿದ ವಾಹನಗಳಿಗೆ ಕರಪತ್ರ ಸಿಕ್ಕಿಸಿ, ಜನ ಅದನ್ನು ಏನು ಮಾಡುತ್ತಾರೆ ಎಂದು ಗಮನಿಸಿದರು. ಈಗಾಗಲೇ ಕಸ ಬಿದ್ದಿರುವ ಜಾಗದಲ್ಲಿ ಹೆಚ್ಚು ಜನ ಎಸೆದರು, ಚೊಕ್ಕಟವಾದ ಜಾಗದಲ್ಲಿ ಕಡಿಮೆ ಜನ ಎಸೆದರು. ಇದು ನಾವು ಊಹಿಸಬಹುದಾದದ್ದೇ. ಆದರೆ ಯಾರೋ ಒಬ್ಬರು ನೆಲದಿಂದ ಕಸ ಎತ್ತಿಕೊಳ್ಳುವುದನ್ನು ಕಂಡವರು, ಜಾಗ ಹೇಗೇ ಇರಲಿ, ಎಸೆಯುವುದು ಬಹಳ ಕಡಿಮೆಯಾಯಿತು. ಮಾತಿಲ್ಲದೆಯೇ ಹೇಳಿದಂತಾಯಿತು. ಬೈಗುಳ ಕಿವಿಗೆ ಮಾತ್ರ ಹೋಗುತ್ತದೆ, ಬಗ್ಗಿ ಎತ್ತಿದ್ದು ಕಣ್ಣಿನಲ್ಲಿ ಉಳಿಯುತ್ತದೆ.

ನಮಗೆ ಇದು ಹೊಸದೇನೂ ಅಲ್ಲ. ಶರಣೆ ಸತ್ಯಕ್ಕನ ಕಾಯಕ ಯಾವುದು? ಅಂಗಳ ಗುಡಿಸುವುದು. ಆಯ್ದಕ್ಕಿ ಮಾರಯ್ಯನವರ ಕಾಯಕ ಯಾವುದು? ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದು. ಬಗ್ಗುವ ಕೆಲಸವನ್ನೇ ನಮ್ಮ ಪೂರ್ವಿಕರು ಪೂಜೆಯ ಎತ್ತರಕ್ಕೆ ಏರಿಸಿದರು. ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸುಮ್ಮನಿದ್ದರೇ? ಇದು ನಮಗೆ ಸಲ್ಲದು, ಅಲ್ಲೇ ಸುರಿದು ಬನ್ನಿ ಎಂದು ನೇರವಾಗಿ ಹೇಳಿದರು. ಕೂಗಾಡಲಿಲ್ಲ, ಅವಮಾನಿಸಲಿಲ್ಲ, ಬಿಡಲೂ ಇಲ್ಲ. ಗಣಾಚಾರ ಮತ್ತು ಭೃತ್ಯಾಚಾರ ಒಂದೇ ಬಾಯಲ್ಲಿ ಹೇಗೆ ಬರುತ್ತವೆ ಎಂಬುದಕ್ಕೆ ಲಕ್ಕಮ್ಮನವರೇ ಉದಾಹರಣೆ. ಅವರು ಅಪರಿಚಿತರಿಗೆ ಹೇಳಲಿಲ್ಲ, ತಮ್ಮ ಮನೆಯಲ್ಲೇ ಹೇಳಿದರು ಎಂಬುದನ್ನೂ ಮರೆಯಬಾರದು.

ಇನ್ನು ನಿಮ್ಮ ಮುಂದೆ ಇಡಲೇಬೇಕಾದ ಒಂದು ಸಂಗತಿ ಇದೆ. ನಮ್ಮ ಬಡಾವಣೆಯಲ್ಲಿ ಒಬ್ಬ ಹಿರಿಯರು ತಳ್ಳುಗಾಡಿಯವನೊಬ್ಬನಿಗೆ ಬೀದಿಯಲ್ಲಿ ಬಾಯಿಗೆ ಬಂದಂತೆ ಬೈದರು. ಆಗ ತಾನೇ ಗುಡಿಸಿದ್ದ ಜಾಗಕ್ಕೆ ಆತ ಟೀ ಲೋಟಗಳನ್ನು ಸುರಿದಿದ್ದ. ತಪ್ಪು ಆತನದೇ. ಹಿರಿಯರು ಬೈದು ಮನೆಗೆ ಹೋದರು. ಮರುದಿನ ಅಲ್ಲಿ ಗುಡಿಸುವ ತಾಯಿ ನನಗೆ ಹೇಳಿದರು: 'ಹೇಳ್ರಪ್ಪ, ಆದರೆ ಬೈಬೇಡಿ. ನೀವು ಬೈದು ಒಳಗೆ ಹೋಗ್ತೀರಿ. ಆ ಸಿಟ್ಟೆಲ್ಲ ಅವನು ನನ್ನ ಮೇಲೆ ತೀರಿಸ್ಕೋತಾನೆ. ನಾನೇ ನಿಮಗೆ ಚಾಡಿ ಹೇಳ್ದೆ ಅಂತಾನೆ.' ಯಾರ ಪರವಾಗಿ ನಾವು ಬಾಯಿ ತೆರೆದೆವೋ ಅವರೇ ಅದರ ಬೆಲೆ ಕಟ್ಟಿದರು. ನಮ್ಮ ಮಾತು ಸರಿಯಿತ್ತೇ ಎಂದು ನಮ್ಮ ಮನಸ್ಸಿನ ಸಮಾಧಾನದಿಂದ ಅಳೆಯಬಾರದು. ಮರುದಿನ ಬೆಳಿಗ್ಗೆ ಆ ತಾಯಿಯ ಕೆಲಸ ಹಗುರವಾಯಿತೇ ಎಂಬುದರಿಂದ ಅಳೆಯಬೇಕು. ಆಮೇಲೆ ನಾವು ಕೆಲವರು ಹೋಗಿ ಆತನ ಹತ್ತಿರವೇ ಕುಳಿತು ಟೀ ಕುಡಿದೆವು, ಒಂದು ದೊಡ್ಡ ಡಬ್ಬ ಕೊಟ್ಟೆವು. ಇವತ್ತು ಲೋಟ ಡಬ್ಬಕ್ಕೆ ಬೀಳುತ್ತಿದೆ.

ಇದರಿಂದ ಇನ್ನೊಂದು ಪರೀಕ್ಷೆ ಹುಟ್ಟುತ್ತದೆ. ತಳ್ಳುಗಾಡಿಯವನಿಗೆ, ಹೂ ಮಾರುವವಳಿಗೆ, ಆಟೋದವನಿಗೆ ನಾವು ಸುಲಭವಾಗಿ ಬುದ್ಧಿ ಹೇಳುತ್ತೇವೆ. ದೊಡ್ಡ ಕಾರಿನವರಿಗೆ, ನಮ್ಮ ಮೇಲಧಿಕಾರಿಗೆ, ನಮ್ಮ ಜಾತಿಯ ದೊಡ್ಡ ಮನುಷ್ಯರಿಗೆ ಹೇಳುತ್ತೇವೆಯೇ? ಬಡವನಿಗೆ ಏರುದನಿ, ಬಲ್ಲಿದನಿಗೆ ಮೌನ ಎಂದಾದರೆ ಅದು ಗಣಾಚಾರವಲ್ಲ, ದರ್ಪ. ಇಬ್ಬರಿಗೂ ಒಂದೇ ದನಿಯಲ್ಲಿ ಹೇಳಲು ಬಂದಾಗ ಮಾತ್ರ ಬಾಯಿ ತೆರೆಯೋಣ.

ವಿವೇಕವೂ ಬೇಕು. ಕುಡಿದವರ ಹತ್ತಿರ, ರಾತ್ರಿ ಹೊತ್ತಿನಲ್ಲಿ, ಓಡುವ ವಾಹನಗಳ ನಡುವೆ ಹೇಳಲು ಹೋಗಬೇಡಿ. ಒಬ್ಬರೇ ಇರುವ ಹೆಣ್ಣುಮಕ್ಕಳು ಅಪಾಯ ಕಂಡರೆ ಸುಮ್ಮನಿರುವುದು ಹೇಡಿತನವಲ್ಲ. ಮಾತಿಗೆ ಮಾತು ಬೆಳೆದರೆ ಕೈಮುಗಿದು ಬಂದುಬಿಡಿ. ಎಸೆದವರ ಮುಖದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಂಚುವುದು ಬೇಡವೇ ಬೇಡ. ಮುನಿಯಬಾರದು, ಅನ್ಯರ ಬಗ್ಗೆ ಅಸಹ್ಯ ಪಡಬಾರದು ಎಂದು ಬಸವಣ್ಣನವರು ಕೊಟ್ಟ ಸಪ್ತಸೂತ್ರಗಳಲ್ಲಿ ಬರುತ್ತದೆ. ಕಸದ ಬಗ್ಗೆ ಅಸಹ್ಯ ಇರಲಿ, ಮನುಷ್ಯನ ಬಗ್ಗೆ ಬೇಡ. ಲೋಡುಗಟ್ಟಲೆ ಸುರಿಯುವವರು, ಕಟ್ಟಡದ ಅವಶೇಷ ತಂದು ಕೆರೆಗೆ ಹಾಕುವವರು ಬೇರೆ. ಅವರಿಗೆ ಬುದ್ಧಿಮಾತು ಸಾಲದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ರಸ್ತೆ, ಚರಂಡಿ, ಕೆರೆಗಳಿಗೆ ಕಸ ಹಾಕುವುದನ್ನು ನಿಷೇಧಿಸಿ, ಸ್ಥಳದಲ್ಲೇ ದಂಡ ಹಾಕಲು ಅವಕಾಶ ಕೊಟ್ಟಿದ್ದವು. ಅಂಥವರ ಬಗ್ಗೆ ಲಿಖಿತ ದೂರು ಕೊಡಬೇಕು, ಅದರ ಬೆನ್ನು ಹತ್ತಬೇಕು.

ಕೊನೆಯದಾಗಿ ನಮ್ಮ ಅಂಗಳ. ಅಪರಿಚಿತರಿಗೆ ಹೇಳುವ ಹಕ್ಕು ಬರುವುದು ಪರಿಚಿತರಿಗೆ ಹೇಳಿದ ಮೇಲೆ. ನಮ್ಮ ಜಾತ್ರೆ ಮುಗಿದ ಮರುದಿನದ ಮೈದಾನ ಹೇಗಿರುತ್ತದೆ? ನಮ್ಮ ಮದುವೆ ಛತ್ರದ ಹಿಂಬದಿ ಹೇಗಿರುತ್ತದೆ? ಸಾವಿರಾರು ಜನರಿಗೆ ದಾಸೋಹ ಮಾಡಿ, ಸಾವಿರಾರು ತಟ್ಟೆ ಲೋಟಗಳನ್ನು ಬಯಲಿಗೆ ಬಿಟ್ಟು ಹೋದರೆ ಆ ದಾಸೋಹ ಪೂರ್ತಿಯಾಯಿತೇ? ಎಂಜಲು ಎತ್ತುವವರಿಗೆ ಅದು ದಾಸೋಹವೋ ಶಿಕ್ಷೆಯೋ? ಇಲ್ಲಿರುವ ಎಷ್ಟೋ ಜನ ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಓದಿದವರು. ಉಂಡ ತಟ್ಟೆಯನ್ನು ತಾವೇ ತೊಳೆದಿಟ್ಟು ಬೆಳೆದವರು. ಆ ಪಾಠವನ್ನು ಸಂಬಳ ಬಂದಮೇಲೆ ಯಾಕೆ ಮರೆತೆವು?

ಆದ್ದರಿಂದ ಪೂಜ್ಯರ ಸಮ್ಮುಖದಲ್ಲಿ ನನ್ನದು ಮೂರು ಬಿನ್ನಹ. ಒಂದು, ನಮ್ಮ ಕಾರ್ಯಕ್ರಮಗಳಲ್ಲಿ ತೊಳೆದು ಬಳಸುವ ತಟ್ಟೆ ಲೋಟಗಳೇ ಇರಲಿ. ಊಟ ಮಾಡಿದವರು ತಮ್ಮ ತಟ್ಟೆಯನ್ನು ತಾವೇ ಎತ್ತಲಿ, ವೇದಿಕೆಯ ಮೇಲಿನ ಗಣ್ಯರು ಮೊದಲು ಎತ್ತಲಿ. ಎರಡು, ಗೋಷ್ಠಿಯ ಪ್ರತಿಯೊಬ್ಬ ಸದಸ್ಯರೂ ತಮ್ಮ ಬೀದಿಯನ್ನು ಗುಡಿಸುವ ಪೌರಕಾರ್ಮಿಕರ ಹೆಸರು ತಿಳಿದುಕೊಳ್ಳಲಿ. ಹೆಸರು ಗೊತ್ತಿರುವವರ ಮುಂದೆ ಕಸ ಎಸೆಯುವುದು ಕಷ್ಟ. ಅವರ ಪರವಾಗಿ ಮಾತನಾಡುವುದು ಸುಲಭ. ಮೂರು, ಜೇಬಿನಲ್ಲಿ ಒಂದು ಬಟ್ಟೆಯ ಚೀಲವಿರಲಿ. ಕಣ್ಣೆದುರು ಯಾರಾದರೂ ಎಸೆದರೆ ಮೃದುವಾಗಿ ಒಂದು ಸಲ ಹೇಳಿ. ಕೇಳಿದರೆ ಧನ್ಯವಾದ ಹೇಳಿ. ಕೇಳದಿದ್ದರೆ ಅವರೆದುರೇ ಬಗ್ಗಿ ಎತ್ತಿ. ಆ ಹೊತ್ತಿಗಾದರೂ ಇನ್ನೊಂದು ಬೆನ್ನು ಬಗ್ಗುವುದು ತಪ್ಪಿತು ಎಂದುಕೊಳ್ಳಿ.

ಸಮಾಜವೇ ಜಂಗಮ ಎಂದು ಹೇಳುವ ನಾವು ಆ ಜಂಗಮ ನಡೆದಾಡುವ ಬೀದಿಯನ್ನು ಯಾರದೋ ಎಂದು ಬಿಡಲಾಗದು.  ಹೊರಗೆ ಕೊಟ್ಟ ಪ್ರಸಾದದ ದೊನ್ನೆಗಳನ್ನು ಬಾಗಿಲ ಬಲಗಡೆಯ ಬುಟ್ಟಿಗೆ ನೀವೇ ಹಾಕಿ ಹೋಗಬೇಕೆಂದು ಕೇಳಿಕೊಂಡು ನನ್ನ ಮಾತು ಮುಗಿಸುತ್ತೇನೆ.